ಕೂರಲು ಬಂದವರು

ಹೊಸ ಆಸ್ಪತ್ರೆಗೆ ಬೆಲ್ಟುಗಳು ಬಂದ ಮೇಲೆ ನನ್ನ ಅಂಗೈಗೆ ಕೆಲಸ ಕಡಿಮೆಯಾಯಿತು, ಬೆರಳ ತುದಿಗೆ ಹೆಚ್ಚಾಯಿತು. ನನ್ನ ಹೆಸರು ಜಲಜಾಕ್ಷಿ. ಊರಿನವರಿಗೆ ಜಲಜಾ ಸಿಸ್ಟರ್. ಮೂಗಿನ ಕೆಳಗೆ ಮೀಸೆ ಚಿಗುರಿದ ಹುಡುಗರನ್ನು ನೋಡಿ ‘ಇವನು ಹುಟ್ಟಿದಾಗ ಒರೆಸಿ ಕೊಟ್ಟವಳು ನಾನೇ’ ಎಂದುಕೊಳ್ಳುತ್ತಿದ್ದವಳು, ಈಗ ಅವರ ಮಕ್ಕಳನ್ನು ನೋಡಿಯೂ ಹಾಗೇ ಅಂದುಕೊಳ್ಳುತ್ತೇನೆ. ಅಷ್ಟು ವರ್ಷ ನರ್ಸ್ ಕೆಲಸ ಮಾಡಿದ್ದೇನೆ.

ನಮ್ಮೂರಿನಲ್ಲಿ ಕಾಯಿಲೆ ಬಿದ್ದವರು ಹಗುರಾಗುತ್ತಾರೆ. ನೆಗಡಿಯಾದರೆ ಹೆಜ್ಜೆ ಸ್ವಲ್ಪ ಪುಟಿಯುತ್ತದೆ, ಅಷ್ಟೆ. ಜ್ವರ ಏರಿದರೆ ಹಿಮ್ಮಡಿ ನೆಲ ಬಿಡುತ್ತದೆ. ಟೈಫಾಯ್ಡು, ನ್ಯುಮೋನಿಯಾ ಅಂಥದ್ದು ಬಂದರೆ ಹಿಡಿದುಕೊಳ್ಳುವವರು ಬೇಕು. ಇಲ್ಲದಿದ್ದರೆ ಹೋಗಿ ತೊಲೆಗೆ ತಾಗುತ್ತಾರೆ. ಅದಕ್ಕೇ ಇಲ್ಲಿನ ಹಳೆಯ ಮನೆಗಳ ಸೂರೆಲ್ಲ ತಗ್ಗು. ತಾಯಂದಿರು ಜ್ವರದ ಮಗುವಿನ ಉಡಿದಾರಕ್ಕೆ ಸೆರಗಿನ ತುದಿ ಗಂಟು ಹಾಕಿಕೊಂಡೇ ಸಾರಿಗೆ ಒಗ್ಗರಣೆ ಕೊಡುತ್ತಾರೆ. ಸ್ಕೂಲಿಗೆ ಚಕ್ಕರ್ ಹೊಡೆಯಬೇಕೆನ್ನುವ ಮಕ್ಕಳು ಬೆಳಗ್ಗೆ ಎದ್ದು ತುದಿಗಾಲಲ್ಲಿ ನಡೆದು ತೋರಿಸುತ್ತವೆ. ಭುಜ ಒತ್ತಿ ನೋಡಿ, ಬೆನ್ನಿಗೊಂದು ಕೊಟ್ಟು ಕಳಿಸುವುದು ತಾಯಂದಿರಿಗೂ ಗೊತ್ತು. ಆಷಾಢದ ಗಾಳಿ ಶುರುವಾದಾಗ ಮಾತ್ರ ಯಾರೂ ತಮಾಷೆ ಮಾಡುವುದಿಲ್ಲ. ಆ ಗಾಳಿಗೆ ಒಬ್ಬರನ್ನಾದರೂ ಕಳೆದುಕೊಳ್ಳದ ಮನೆತನ ಊರಿನಲ್ಲಿಲ್ಲ. ಹಿರಿಯರು ಹರಸುವಾಗ ‘ಭಾರವಾಗಿ ಬಾಳು’ ಅನ್ನುತ್ತಾರೆ. ಬೇರೆ ಊರಿಂದ ವರ್ಗವಾಗಿ ಬಂದ ಟೀಚರೊಬ್ಬರು ಪರೀಕ್ಷೆ ಮುಗಿದ ದಿನ ‘ಅಬ್ಬಾ, ಹಗುರಾದೆ’ ಎಂದಾಗ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಓಡಿಬಂದು ಅವರ ತೋಳು ಹಿಡಿದುಕೊಂಡಿದ್ದರಂತೆ.

ಹಗುರಾದವರನ್ನು ಹಿಡಿದುಕೊಳ್ಳುವುದಕ್ಕೆ ನಮ್ಮಲ್ಲಿ ‘ಕೂರೋದು’ ಅಂತಲೇ ಹೆಸರು. ಮಂಚದ ತುದಿಯಲ್ಲಿ ಕೂತು, ಮಲಗಿದವರ ಎದೆಯ ಮೇಲೋ ಹೊಟ್ಟೆಯ ಮೇಲೋ ಒಂದು ಕೈ ಇಟ್ಟರೆ ಸಾಕು. ಇಲ್ಲವೇ ಅವರ ಪಾದ ಎರಡನ್ನೂ ತೊಡೆಯ ಮೇಲೆ ಎಳೆದುಕೊಂಡರೆ ಆಯಿತು. ಕೈಯ ಭಾರ ಬಿದ್ದ ಕೂಡಲೇ ರೋಗಿಗೆ ನಿದ್ದೆ ಬರುತ್ತದೆ. ಹಿಡಿದವರು ಯಾರೂ ಇಲ್ಲದಿದ್ದರೆ, ಎಷ್ಟೇ ಬಿಗಿಯಾಗಿ ಕಟ್ಟಿ ಮಲಗಿಸಿದರೂ ಅವರ ಕಣ್ಣು ಸೂರನ್ನೇ ನೋಡುತ್ತಿರುತ್ತದೆ.

ಕೆರೆಯ ಪಕ್ಕದ ಹಳೆ ಆಸ್ಪತ್ರೆಯಲ್ಲಿ ನಾನು ಕೆಲಸ ಕಲಿತದ್ದು. ಅದರ ಸೂರು ಎಷ್ಟು ತಗ್ಗಾಗಿತ್ತೆಂದರೆ ಎತ್ತರದ ಡಾಕ್ಟರುಗಳು ತಲೆ ಬಗ್ಗಿಸಿಕೊಂಡೇ ರೌಂಡ್ಸಿಗೆ ಬರುತ್ತಿದ್ದರು. ಸೂರಿನ ಉದ್ದಕ್ಕೂ ಊರಿನ ಹೆಂಗಸರು ಹೊಲಿದು ಕೊಟ್ಟ ಕೌದಿಗಳನ್ನು ಬಡಿದಿದ್ದರು. ಕೈತಪ್ಪಿ ಮೇಲೆ ಹೋದವರಿಗೆ ಪೆಟ್ಟಾಗಬಾರದಲ್ಲ. ಒಬ್ಬ ರೋಗಿ ಸೇರಿದರೆ ಅವರ ಬೀದಿಯೇ ಸರದಿ ಹಾಕಿಕೊಂಡು ಕೂರಲು ಬರುತ್ತಿತ್ತು. ಅವರೆಕಾಯಿಯ ಕಾಲದಲ್ಲಂತೂ ವಾರ್ಡಿಗೆ ಫಿನಾಯಿಲಿನ ವಾಸನೆಗಿಂತ ಸೊಗಡವರೆಯ ವಾಸನೆಯೇ ಹೆಚ್ಚು. ಒಂದು ಕೈ ರೋಗಿಯ ಮೇಲೆ, ಇನ್ನೊಂದು ಕೈಯಲ್ಲಿ ಕಾಯಿ ಸುಲಿಯುವುದು. ಮಲಗಿದವರ ಮೊಣಕಾಲಿನ ಆಚೆ ಈಚೆ ಕೂತು ಚೌಕಾಬಾರ ಆಡುವವರೂ ಇದ್ದರು. ಸಂಬಂಧ ನೋಡುವಾಗ ಮೊದಲು ಕೇಳುತ್ತಿದ್ದುದೇ ‘ನಿಮ್ಮ ಕಡೆ ಕೂರೋರು ಎಷ್ಟು ಜನ’ ಅಂತ. ಯಾರೂ ಇಲ್ಲದವರಿಗೆ ನಾವಿದ್ದೆವು, ನರ್ಸುಗಳು.

ನಮ್ಮೆಲ್ಲರ ಮೇಲೆ ಹೆನ್ರಿಯೆಟ್ಟಮ್ಮ ಇದ್ದರು. ಆ ಆಸ್ಪತ್ರೆಯ ಮೇಟ್ರನ್. ಮದುವೆಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರು ಯಾವಾಗಲೋ ತೀರಿಕೊಂಡಿದ್ದರು. ದೊಡ್ಡ ಮೈ, ದೊಡ್ಡ ದನಿ. ಅವರು ಕೂತರೆ ಕಬ್ಬಿಣದ ಮಂಚ ‘ಕಿರ್’ ಅನ್ನುತ್ತಿತ್ತು, ಆ ಸದ್ದು ಕೇಳಿದರೆ ಸಾಕು, ಪಕ್ಕದ ಮಂಚದವರೂ ನಿದ್ದೆ ಹೋಗುತ್ತಿದ್ದರು. ನಾನು ಹೊಸದಾಗಿ ಸೇರಿದಾಗ ಕಡ್ಡಿಯ ಹಾಗಿದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನೇ ಇದು, ನಿನ್ನ ಮೇಲೇ ಒಬ್ಬರು ಕೂರ್ಬೇಕಲ್ಲೇ! ರಾಗಿಮುದ್ದೆ ತಿನ್ನು, ಆಮೇಲೆ ಇಂಜೆಕ್ಷನ್ ಕಲಿಯುವಂತೆ” ಅಂದಿದ್ದರು.

ಹೊಸ ಆಸ್ಪತ್ರೆ ಕಟ್ಟಿದ್ದು ಅವರು ನಿವೃತ್ತಿಯಾದ ಎಷ್ಟೋ ವರ್ಷಗಳ ಮೇಲೆ. ಬಸ್‌ಸ್ಟ್ಯಾಂಡಿನ ಆಚೆ, ಗಾಜಿನ ಮೈಯ ದೊಡ್ಡ ಕಟ್ಟಡ. ಒಳಗೆ ಎತ್ತರದ ಸೂರು, ತಣ್ಣನೆಯ ಗಾಳಿ, ಹೆಜ್ಜೆ ಜಾರುವಷ್ಟು ನುಣುಪಾದ ನೆಲ. ಪ್ರತಿ ಮಂಚಕ್ಕೂ ಬೆಲ್ಟು. ಎದೆಗೊಂದು, ಸೊಂಟಕ್ಕೊಂದು, ಕಾಲಿಗೊಂದು. ರೋಗಿ ಚೂರು ಮೇಲೆದ್ದರೂ ಬೆಲ್ಟು ಕೂಗುತ್ತದೆ. ಕೂಗಿದ್ದು ಎಲ್ಲಿ, ಎಷ್ಟು ಮೇಲೆದ್ದರು ಎಂಬುದೆಲ್ಲ ನಮ್ಮ ಕೈಯಲ್ಲಿರುವ ಟ್ಯಾಬಿನಲ್ಲಿ ಬರುತ್ತದೆ. ಹಗಲೆಲ್ಲ ವಾರ್ಡಿನ ತುಂಬ ಜೀರುಂಡೆ ಕೂತ ಹಾಗೆ. ಮಗ್ಗುಲು ಬದಲಿಸಿದರೆ ಟ್ಯಾಬಿನಲ್ಲಿ ಒತ್ತಬೇಕು, ಮಾತ್ರೆ ಕೊಟ್ಟರೆ ಒತ್ತಬೇಕು, ಮೈ ಒರೆಸಿದರೆ ಒತ್ತಬೇಕು. ಏನೂ ಒತ್ತದೆ ಸ್ವಲ್ಪ ಹೊತ್ತು ಕಳೆದರೆ ನಮ್ಮ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ ಬೀಳುತ್ತದೆ. ಎಲ್ಲ ಕೆಲಸಕ್ಕೂ ಅದರಲ್ಲಿ ಒಂದೊಂದು ಮನೆಯಿದೆ, ಕೂರುವುದಕ್ಕೆ ಮಾತ್ರ ಇಲ್ಲ.

ಊರಿನವರನ್ನೇನು ಅನ್ನಲಿ? ಮೊದಮೊದಲು ಸಂದರ್ಶನದ ಹೊತ್ತಿನಲ್ಲಿ ಕೂರಲು ಬರುತ್ತಿದ್ದರು. ಆಮೇಲೆ ‘ಬೆಲ್ಟ್ ಇದೆಯಲ್ಲ ಬಿಡಿ’ ಅನ್ನತೊಡಗಿದರು. ಬಂದರೂ ಕಾಲುಬುಡದಲ್ಲಿ ನಿಂತು, ಸೇಬಿನ ಕವರನ್ನು ಮೇಜಿನ ಮೇಲಿಟ್ಟು, ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೊರಡುತ್ತಿದ್ದರು. ಹೀಗೆ ಒಂದು ಪದ್ಧತಿ ಸದ್ದಿಲ್ಲದೆ ಸತ್ತುಹೋಗಿದ್ದು ನನಗೇ ಎಷ್ಟೋ ದಿನ ತಿಳಿಯಲಿಲ್ಲ. ಓಡಾಟವೇ ಅಷ್ಟಿತ್ತು.

ನನ್ನ ಜೊತೆ ಕೆಲಸಕ್ಕಿದ್ದವಳು ವಿನುತಾ ಎಂಬ ಹುಡುಗಿ. ನರ್ಸಿಂಗ್ ಮುಗಿಸಿ ನೇರ ಈ ಆಸ್ಪತ್ರೆಗೇ ಬಂದವಳು, ಹಳೆಯದನ್ನು ನೋಡಿದವಳಲ್ಲ. ಅವಳು ರೋಗಿಯ ಮುಖಕ್ಕಿಂತ ಟ್ಯಾಬನ್ನೇ ಹೆಚ್ಚು ನೋಡುತ್ತಾಳೆ ಎಂದು ನನಗೆ ಒಳಗೊಳಗೇ ಸಿಟ್ಟು. ಒಂದು ಮಧ್ಯಾಹ್ನ ಔಷಧಿ ಕೋಣೆಗೆ ಹೋದರೆ, ನಿಂತುಕೊಂಡೇ ಬಿಸ್ಕತ್ತು ತಿನ್ನುತ್ತಾ ಅಳುತ್ತಿದ್ದಳು. ಏನಮ್ಮ ಅಂದೆ.

“ಏನಿಲ್ಲ ಸಿಸ್ಟರ್. ಬಸ್ಸಲ್ಲಿ ಒಬ್ರು ಸಿಕ್ಕಿದ್ರು. ‘ನನ್ನ ಎಷ್ಟು ಚೆನ್ನಾಗಿ ನೋಡ್ಕೊಂಡೆ ಮಗಳೇ’ ಅಂತ ಕೈ ಹಿಡ್ಕೊಂಡ್ರು. ನಂಗೆ ಅವರ ಮುಖ ನೆನಪಾಗ್ಲೇ ಇಲ್ಲ. ಬೆಡ್ ನಂಬರ್ ಹೇಳಿದ್ಮೇಲೆ ಎಲ್ಲಾ ನೆನಪಾಯ್ತು, ಶುಗರ್ ಎಷ್ಟಿತ್ತು ಅನ್ನೋದೂ ನೆನಪಾಯ್ತು. ಮುಖ ಮಾತ್ರ ಇಲ್ಲ.”

ಆಮೇಲೆ ನಾನು ಅವಳ ಮೇಲೆ ಸಿಟ್ಟಾಗಲಿಲ್ಲ.

ಹೆನ್ರಿಯೆಟ್ಟಮ್ಮನನ್ನು ಕರೆತಂದದ್ದು ಚಳಿಗಾಲದ ಹೊಸತರಲ್ಲಿ. ಅವರ ಪಕ್ಕದ ಮನೆಯವರು ಬೆಳಗ್ಗೆ ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಬಿದ್ದಿರುವುದನ್ನು ಕಂಡು ಒಳಹೊಕ್ಕಾಗ, ಅವರು ಅಡುಗೆಮನೆಯ ಅಟ್ಟದ ಕಂಬಿ ಹಿಡಿದುಕೊಂಡು ತೇಲುತ್ತಿದ್ದರಂತೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಟೋದಿಂದ ಇಳಿಸುವಾಗ ನಾನು ಅವರ ತೋಳಿನ ಕೆಳಗೆ ಕೈ ಹಾಕಿದೆ. ತೂರಿದ ಬತ್ತದ ಹೊಟ್ಟನ್ನು ಮೊರದಲ್ಲಿ ಎತ್ತಿದ ಹಾಗಾಯಿತು. ಮಂಚ ಕಿರ್ ಅನ್ನಿಸುತ್ತಿದ್ದ ಹೆಂಗಸು!

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. “ಜಲಜಾ ಅಲ್ವೇನೇ? ಪರ್ವಾಗಿಲ್ಲ, ಈಗ ಒಂದಿಷ್ಟು ಮೈ ಬಂದಿದೆ ನಿಂಗೆ” ಅಂದರು.

ವಾರ್ಡಿನಲ್ಲಿ ಮಲಗಿಸಿ, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟು, ಬೆಲ್ಟು ಬಿಗಿದೆವು. ವಯಸ್ಸಾದ ಚರ್ಮ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಸಂಜೆಯ ಹೊತ್ತಿಗೆ ಬೆಲ್ಟಿನಂಚಿನಲ್ಲಿ ಕೆಂಪು ಬರೆ ಎದ್ದಿತ್ತು. ಹತ್ತಿ ಇಟ್ಟೆ, ಬಟ್ಟೆ ಮಡಿಸಿ ಇಟ್ಟೆ. ಅವರು ನೋವಿನ ಮಾತೇ ಎತ್ತಲಿಲ್ಲ. ಸೂರನ್ನು ನೋಡುತ್ತಾ ಮಲಗಿದ್ದವರು, ಮರುದಿನ ಬೆಳಗ್ಗೆ ನಾನು ಬಂದಾಗಲೂ ಸೂರನ್ನೇ ನೋಡುತ್ತಿದ್ದರು.

“ಜಲಜಾ, ಒಂದು ಗಳಿಗೆ ಕೂರೇ” ಅಂದರು.

ಕೂತೆ. ಬೆಲ್ಟು ಸಡಿಲಿಸಿ ಎದೆಯ ಮೇಲೆ ಕೈ ಇಟ್ಟೆ. ಅವರ ರೆಪ್ಪೆ ಇಳಿಯತೊಡಗಿತು. ಅಷ್ಟರಲ್ಲಿ ಬಾಗಿಲ ಬಳಿಯ ಮಂಚ ಕೂಗಿತು. ಎದ್ದು ಓಡಿದೆ. ಅದನ್ನು ಸರಿಮಾಡುವಷ್ಟರಲ್ಲಿ ಕಿಟಕಿಯ ಕಡೆಯದು. ಅಲ್ಲಿಂದ ಡ್ರಿಪ್ಪು, ಅಲ್ಲಿಂದ ಸ್ಕ್ಯಾನಿಂಗಿಗೆ ಕಳಿಸಬೇಕಾದವರು, ಅಲ್ಲಿಂದ ಟ್ಯಾಬು. ತಿರುಗಿ ಬಂದಾಗ ಅವರು ಸಡಿಲವಾದ ಬೆಲ್ಟಿನಲ್ಲಿ ಮಂಚದಿಂದ ಗೇಣು ಮೇಲೆ ತೂಗುತ್ತಿದ್ದರು. ಕಣ್ಣು ಮತ್ತೆ ಸೂರಿನ ಮೇಲೆ. ನಾನು ಬೆಲ್ಟು ಬಿಗಿದೆ. ಅವರು ನನ್ನ ಕೈ ತಟ್ಟಿ, “ಹೋಗು, ಹೋಗು. ಕೆಲಸ ನೋಡ್ಕೋ” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಹೀಗೇ ಆಯಿತು. ಅವರಿಗೆ ನಿದ್ದೆಯಿಲ್ಲ. ಡಾಕ್ಟರು ಔಷಧಿ ಸರಿಯಾಗಿಯೇ ಕೊಡುತ್ತಿದ್ದರು, ನೀರು ಇಳಿಯುತ್ತಲೂ ಇತ್ತು. “ನಿದ್ದೆ ಮಾಡಿದ್ರೆ ಬೇಗ ಚೇತರಿಸ್ಕೊಳ್ತಾರೆ ಸಿಸ್ಟರ್, ಆದ್ರೆ ಈ ವಯಸ್ಸಲ್ಲಿ ನಿದ್ದೆ ಮಾತ್ರೆ ಕೊಡೋಕೆ ಭಯ” ಎಂದು ಅವರೂ ಚಿಂತೆ ಮಾಡಿದರು. ಮೂರನೆಯ ದಿನ ಮಧ್ಯಾಹ್ನ ನಾನು ಏನಾದರಾಗಲಿ ಎಂದು ಟ್ಯಾಬನ್ನು ದಿಂಬಿನಡಿ ತೂರಿಸಿ, ಅವರ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡು ಕೂತುಬಿಟ್ಟೆ. ಹೆನ್ರಿಯೆಟ್ಟಮ್ಮ ಗೊರಕೆ ಹೊಡೆಯತೊಡಗಿದರು. ಆ ಗೊರಕೆ ಕೇಳಿ ಎಷ್ಟು ಕಾಲವಾಗಿತ್ತು! ಹಳೆ ವಾರ್ಡಿನಲ್ಲಿ, ಊಟದ ಬಿಡುವಿನಲ್ಲಿ, ಗೋಡೆಗೊರಗಿ ಅವರು ಹೀಗೇ ಗೊರಕೆ ಹೊಡೆಯುತ್ತಿದ್ದರು. ನಾವು ಹುಡುಗಿಯರು ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದೆವು.

ಸುತ್ತ ಬೆಲ್ಟುಗಳು ಕೂಗುತ್ತಿದ್ದವು. ವಿನುತಾ ಒಬ್ಬಳೇ ಆ ತುದಿಯಿಂದ ಈ ತುದಿಗೆ ಓಡುವುದು ಕಾಣುತ್ತಿತ್ತು. ಅವಳು ನನ್ನನ್ನು ಕರೆಯಲಿಲ್ಲ. ನನ್ನ ಕಡೆ ನೋಡಿ, ನನಗೆ ಬೇಕಾದ್ದು ಅರ್ಥವಾದವಳಂತೆ, ಇನ್ನೂ ಜೋರಾಗಿ ಓಡಿದಳು. ಅವಳ ಬೆನ್ನು ಬೆವರಿನಲ್ಲಿ ನೆಂದಿತ್ತು.

ಸಂಜೆ ಆಡಳಿತದ ಕೋಣೆಯಿಂದ ಕರೆ ಬಂತು. ಅಲ್ಲಿನ ಅಧಿಕಾರಿ ಸುಮುಖ, ನನ್ನ ಮಗನ ವಯಸ್ಸಿನವನು, ಮರ್ಯಾದಸ್ಥ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟ ಮೇಲೆಯೇ ಮಾತಾಡಿದ.

“ಮೇಡಂ, ನಿಮ್ಮ ಹೆಸರಿನ ಮುಂದೆ ಕೆಂಪು ಬಿದ್ದಿದೆ. ನಂಗೆ ಗೊತ್ತು, ನೀವು ಸುಮ್ನೆ ಕೂರೋರಲ್ಲ.”

“ಕೂತಿದ್ದೆನಪ್ಪ. ಕೂರೋದೇ ಕೆಲಸ ಅದು.”

“ಒಪ್ತೀನಿ. ನಮ್ಮಜ್ಜಿನೂ ನಂಗೆ ಕೂತಿದ್ರು, ಮಂಗನಬಾವು ಬಂದಾಗ. ಆದ್ರೆ ನೀವು ಒಬ್ಬರ ಹತ್ರ ಕೂತ್ರೆ ಉಳಿದೋರ ಹತ್ರ ಯಾರಿರ್ತಾರೆ ಹೇಳಿ?”

“ಇನ್ನೊಂದಿಷ್ಟು ಜನ ನರ್ಸುಗಳನ್ನ ತಗೊಳ್ಳಿ.”

“ನನ್ನ ಕೈಲಿದ್ರೆ ಇವತ್ತೇ ತಗೊಳ್ತಿದ್ದೆ.” ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ಮೇಲಿನೋರು ಬೆಲ್ಟ್ ಇದೆಯಲ್ಲ ಅಂತಾರೆ. ಡ್ಯೂಟಿಲಿರೋ ನರ್ಸ್ ಮಂಚದ ಮೇಲೆ ಕೂರೋ ಹಾಗಿಲ್ಲ ಮೇಡಂ. ಸಂದರ್ಶಕರು ಬಂದು ಕೂರ್ಲಿ, ಯಾರು ಬೇಡ ಅಂದೋರು? ಸಂಜೆ ಹೊತ್ತು ಅದಕ್ಕೇ ಇರೋದು. ಅವರೇ ಬರಲ್ಲ.”

ವಿನುತಾಳ ನೆಂದ ಬೆನ್ನು ಕಣ್ಣ ಮುಂದೆ ಬಂತು. ಒಬ್ಬರಿಗೆ ಕೂತು ಇನ್ನೊಬ್ಬಳ ಪ್ರಾಣ ಹಿಂಡಿದ್ದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ. ಆಸ್ಪತ್ರೆಯ ಒಳಗೆ ಇಷ್ಟು ವರ್ಷ ಸವೆಸಿದವಳು ನಾನು, ಯಾರ ಪಕ್ಕದಲ್ಲೂ ಕೂರಲು ನನಗೆ ಅಪ್ಪಣೆಯಿಲ್ಲ. ಬೀದಿಯಲ್ಲಿ ಹೋಗುವ ಯಾರಿಗಾದರೂ ಇದೆ.

ಮರುದಿನ ನನ್ನ ಬೆಳಗಿನ ಪಾಳಿ ಮುಗಿಸಿದೆ. ಯಾವ ಕೆಲಸವನ್ನೂ ಬಾಕಿ ಬಿಡಲಿಲ್ಲ. ಎಲ್ಲರ ಹಾಸಿಗೆ ಬದಲಾಯಿಸಿ, ಡ್ರಿಪ್ಪುಗಳನ್ನು ನೋಡಿ, ಬರಬೇಕಾದ ಸಿಸ್ಟರಿಗೆ ಎಲ್ಲ ಒಪ್ಪಿಸಿ ಸುಮುಖನ ಕೋಣೆಗೆ ಹೋದೆ. ಟ್ಯಾಬನ್ನು ಮೇಜಿನ ಮೇಲಿಟ್ಟು, ಈ ಕೆಲಸ ಇವತ್ತಿಗೆ ಸಾಕಪ್ಪ ಅಂದೆ. ಅವನು ತುಂಬ ಹೇಳಿ ನೋಡಿದ. ನಿವೃತ್ತಿಗೆ ಇನ್ನೇನು ದೂರವಿಲ್ಲ, ಈಗ ಬಿಟ್ಟರೆ ಸನ್ಮಾನವೂ ಇಲ್ಲ ಏನೂ ಇಲ್ಲ, ರಜ ತಗೊಳ್ಳಿ, ವಾರ ಬಿಟ್ಟು ಯೋಚನೆ ಮಾಡಿ, ಎಂದೆಲ್ಲ.

“ವಾರ ಬಿಟ್ಟರೆ ಅವರಿರ್ತಾರೋ ಇಲ್ವೋ” ಅಂದೆ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬಿಳಿ ಸೀರೆ ಬಿಚ್ಚಿ, ಮನೆಯಿಂದ ತಂದ ಹಸಿರು ಹೂವಿನ ವಾಯಿಲ್ ಸೀರೆ ಉಟ್ಟುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಯಾರೋ ಹೆಂಗಸು. ಕೆಳಗಿಳಿದು ಮುಂಬಾಗಿಲ ಮೇಜಿನ ಹುಡುಗಿಯ ಮುಂದೆ ನಿಂತು ಸಂದರ್ಶಕರ ಪಾಸು ಕೇಳಿದೆ. ತಮಾಷೆಯೆಂದುಕೊಂಡು ನಕ್ಕಳು. ನಾನು ನಗದೇ ಇದ್ದುದನ್ನು ನೋಡಿ ಸುಮ್ಮನೆ ಕೊಟ್ಟಳು. ಸಂಜೆಯ ಹೊತ್ತು ಶುರುವಾಗುವವರೆಗೆ ಹೊರಗಿನ ಬೆಂಚಿನಲ್ಲಿ ಬೇರೆಯವರಂತೆ ಕಾದೆ. ಬೆಂಚಿನಲ್ಲಿ ಕೂತು ಕಾಯುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ನನ್ನ ಹಸಿರು ಸೀರೆ ನೋಡಿ ಹೆನ್ರಿಯೆಟ್ಟಮ್ಮ ಹುಬ್ಬೇರಿಸಿದರು. ವಿಷಯ ಹೇಳಿದೆ. ಹರಸುತ್ತಾರೆ ಎಂದುಕೊಂಡಿದ್ದೆ.

“ನಿಂಗೇನು ತಲೆ ಕೆಟ್ಟಿದೆಯೇನೇ? ಒಳ್ಳೆ ಕೆಲಸಗಾತಿ ನರ್ಸು ಕೆಲಸ ಬಿಟ್ಟು ಮುದುಕಿ ಕಾಲು ಹಿಡ್ಕೊಂಡು ಕೂರೋದಾ?”

“ಮತ್ತೇನಮ್ಮ ಮಾಡ್ಲಿ? ನಮ್ಮ ಹಳೇ ಆಸ್ಪತ್ರೆ ಹಾಗಿತ್ತಾ? ಒಬ್ಬರನ್ನಾದ್ರೂ ನಾವು ಹೀಗೆ ಕಟ್ಟಿ ಹಾಕಿದ್ವಾ?”

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡು, ನಿಧಾನವಾಗಿ ಮಾತಾಡಿದರು. “ನೋಡೇ ಜಲಜಾ. ನಂಗೆ ಈಗ ಬಂದಿರೋ ಕಾಯಿಲೆ ಅಲ್ಲಿ ಯಾರಿಗಾದ್ರೂ ಬಂದಿದ್ರೆ ನಾವೇನು ಮಾಡ್ತಿದ್ವಿ? ಕೂರ್ತಿದ್ವಿ. ಚೆನ್ನಾಗಿ ಕೂರ್ತಿದ್ವಿ, ಅವರು ಸಾಯ್ತಿದ್ರು. ಬಟಾಣಿ ಅಂಗಡಿ ಸಾಕಮ್ಮ ಹೆಂಗೆ ಹೋದ್ಳು? ಇದೇ ಅಲ್ವ? ಇಲ್ಲಿ ಎದೆಯಿಂದ ನೀರು ತೆಗೀತಾರೆ. ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರುತ್ತೆ. ನಾವು ಸೌದೆ ಒಲೇಲಿ ಸಿರಿಂಜು ಕುದಿಸ್ತಾ ಇದ್ದದ್ದು ಮರ್ತುಹೋಯ್ತಾ? ಹಳೇದನ್ನ ನೆನೆಸ್ಕೋ, ಬೇಡ ಅನ್ನಲ್ಲ. ಸುಳ್ಳು ಮಾತ್ರ ಹೇಳ್ಬೇಡ.”

ನನ್ನ ಮುಖ ಚಿಕ್ಕದಾಯಿತು. ಅವರು ಕಾಲನ್ನು ನನ್ನ ಕಡೆ ಸರಿಸಿದರು.

“ಇಲ್ಲಿ ಎಲ್ಲ ಇದೆ ಕಣೆ. ಕೈ ಒಂದಿಲ್ಲ. ಬಂದಿದ್ದೀಯಲ್ಲ, ಕೂರು ಈಗ. ಬೆಲ್ಟು ಬಿಚ್ಚು.”

ಬೆಲ್ಟು ಬಿಚ್ಚಿ, ಪಾದಗಳನ್ನು ತೊಡೆಗೆ ತಂದುಕೊಂಡೆ. ಎಷ್ಟೋ ವರ್ಷದಿಂದ ನಾನು ಹಾಗೆ ಕೂತೇ ಇರಲಿಲ್ಲ, ಯಾರೂ ನನ್ನನ್ನು ಎಬ್ಬಿಸಲಾರದ ಹಾಗೆ. ಬೆಲ್ಟುಗಳು ಕೂಗಿದಾಗೆಲ್ಲ ನನ್ನ ಕಾಲು ತಾನಾಗಿಯೇ ಏಳಲು ಹವಣಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಕೈಯಡಿಯಲ್ಲಿ ಪಾದ ಬೆಚ್ಚಗಾಗುವುದು, ಉಸಿರಿನೊಂದಿಗೆ ಅದು ಸ್ವಲ್ಪ ಏಳುವುದು, ಸ್ವಲ್ಪ ಇಳಿಯುವುದು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿದೆಯೇನೋ, ಕೌದಿಗಳ ಧೂಳಿನ ವಾಸನೆ ಬರುತ್ತಿದೆಯೇನೋ ಅನ್ನಿಸಿತು. ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

ದಿನವೂ ಹೋದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಪಕ್ಕದ ಮಂಚದಿಂದ ಒಂದು ದನಿ ಬಂತು. “ಅಕ್ಕಾ, ಆ ಅಮ್ಮ ಮಲಗವ್ರೆ ಅಲ್ವಾ? ಒಂದೀಟು ನನ್ ಕಡೀಕೂ ಕೈ ಇಡ್ತೀಯಾ?”

ಸೊಪ್ಪು ಮಾರುವ ನಿಂಗಾಜಮ್ಮ. ನಾನೇ ಅವಳಿಗೆ ಎಷ್ಟೋ ಸಲ ಇಂಜೆಕ್ಷನ್ ಚುಚ್ಚಿದ್ದೆ, ಬೆಲ್ಟು ಬಿಗಿದಿದ್ದೆ. ಅವಳಿಗೆ ಯಾರೂ ಬರುವುದಿಲ್ಲ ಎಂಬುದನ್ನು ಗಮನಿಸಿರಲೇ ಇಲ್ಲ. ಎರಡೂ ಮಂಚದ ನಡುವೆ ಸ್ಟೂಲು ಎಳೆದುಕೊಂಡು, ಈ ಕೈ ಇವರ ಮೇಲೆ, ಆ ಕೈ ಅವಳ ಮೇಲೆ ಇಟ್ಟೆ. ನಿಂಗಾಜಮ್ಮ ಕಣ್ಣು ಮುಚ್ಚಿಕೊಂಡೇ ನನಗೆ ದಂಟಿನ ಸೊಪ್ಪಿನ ಸಾರು ಮಾಡುವ ಬಗೆಯನ್ನು ಹೇಳತೊಡಗಿದವಳು, ಹುಣಸೆಹಣ್ಣು ಹಾಕುವಷ್ಟರಲ್ಲಿ ನಿದ್ದೆ ಹೋದಳು.

ಅದನ್ನು ಸುಮುಖ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದು ಪಾಸಿಗೆ ಒಬ್ಬರೇ ರೋಗಿ ಎಂಬ ನಿಯಮವಿತ್ತು. ಹೇಳುತ್ತಾನೆಂದು ಕಾದೆ. ಅವನು ಗೋಡೆಯ ಗಡಿಯಾರ ನೋಡಿ, ಹೊತ್ತು ಮೀರಿತ್ತು ಎಂಬುದನ್ನೂ ನೋಡಿ, ಏನೋ ನೆನಪಾದವನಂತೆ ತಿರುಗಿ ಹೊರಟುಹೋದ.

ಹೆನ್ರಿಯೆಟ್ಟಮ್ಮನಿಗೆ ಮೊದಲು ಬೆರಳುಗಳಿಗೆ ಭಾರ ಬಂತು. ಆಮೇಲೆ ಹಿಮ್ಮಡಿಗೆ. ಒಂದು ಸಂಜೆ ನನ್ನ ತೊಡೆ ಜೋಮು ಹಿಡಿದು, ಕಾಲು ಸರಿಸಬೇಕಾಯಿತು. ಅವತ್ತು ನಾನು ಮನೆಗೆ ಕುಂಟಿಕೊಂಡು ಹೋದೆ, ಹಾಡು ಗುನುಗಿಕೊಂಡು. ಆ ಭಾರ ಬಂದದ್ದು ನನ್ನ ಕೈಯಿಂದಲೋ, ಡಾಕ್ಟರ ಔಷಧಿಯಿಂದಲೋ ನಾನು ಹೇಳಲಾರೆ, ಎರಡರಿಂದಲೂ ಇರಬೇಕು. ಬೆಲ್ಟು ಪೂರ್ತಿ ತೆಗೆದ ದಿನ ವಿನುತಾ ಅವರನ್ನು ಹಿಡಿದು ನಿಲ್ಲಿಸಿದಳು. ನುಣುಪು ನೆಲದ ಮೇಲೆ ಅವರ ಪಾದ ‘ಥಪ್’ ಎಂದಿತು. ಇಡೀ ವಾರ್ಡು ತಿರುಗಿ ನೋಡಿತು. ವಿನುತಾ ಅವರ ಮುಖವನ್ನೇ ನೋಡುತ್ತಾ, ಬಹಳ ಹೊತ್ತು ಕೈ ಬಿಡಲಿಲ್ಲ.

“ಏನೇ ಹಾಗೆ ನೋಡ್ತೀಯಾ?” ಅಂದರು ಹೆನ್ರಿಯೆಟ್ಟಮ್ಮ.

“ನೆನಪಿಟ್ಕೊಳ್ತಿದ್ದೀನಿ ಅಜ್ಜಿ” ಅಂದಳು.

ಅವರನ್ನು ನನ್ನ ಮನೆಗೇ ಕರೆತಂದೆ. ಗಂಡ ತೀರಿಕೊಂಡ ಮೇಲೆ, ಮಗ ಮದುವೆಯಾಗಿ ಪಕ್ಕದ ಬೀದಿಯಲ್ಲಿ ಮನೆ ಮಾಡಿದ ಮೇಲೆ, ನನ್ನ ನಡುಮನೆಯ ಮಂಚ ಖಾಲಿಯೇ ಇತ್ತು. ಸೊಸೆ ದಿನವೂ ಮುದ್ದೆ, ಬಸ್ಸಾರು ಕಳಿಸುತ್ತಿದ್ದಳು. ಹೆನ್ರಿಯೆಟ್ಟಮ್ಮ ಕೋಲೂರಿಕೊಂಡು ಅಂಗಳದಲ್ಲಿ ಓಡಾಡತೊಡಗಿದರು. ಮಂಚವೂ ಕಿರ್ ಅನ್ನತೊಡಗಿತು. ನನಗೆ ಮಾತ್ರ ಹೊತ್ತು ಹೋಗದು. ಬೆಳಗ್ಗೆ ಏಳುತ್ತಲೇ ಬಿಳಿ ಸೀರೆಗೆ ಕೈ ಹೋಗುತ್ತಿತ್ತು. ಮಧ್ಯಾಹ್ನವೆಲ್ಲ ಅವರ ಮುಂದೆ ಹಳೆ ಆಸ್ಪತ್ರೆಯ ಕತೆ ತೆಗೆಯುತ್ತಿದ್ದೆ: ಚೌಕಾಬಾರದ ಜಗಳ, ಚಹಾದ ಪಾಪಣ್ಣ, ಗಾಳಿಯ ದಿನ ಕಿಟಕಿಗಳಿಗೆಲ್ಲ ಬೆನ್ನು ಕೊಟ್ಟು ನಿಂತದ್ದು. ಅವರೂ ಸೇರಿಸುತ್ತಿದ್ದರು, ಇಬ್ಬರೂ ನಗುತ್ತಿದ್ದೆವು.

ಒಂದು ದಿನ ಹಾಗೆ ನಕ್ಕ ಮೇಲೆ ಅವರು ಕೇಳಿದರು, “ಆ ಸೊಪ್ಪಿನೋಳು ಎದ್ದು ಮನೆಗೆ ಹೋದ್ಳಾ?”

“ಇನ್ನೂ ಇದ್ದಾಳಂತೆ. ವಿನುತಾ ಹೇಳಿದ್ಳು.”

“ಯಾರು ಕೂರ್ತಿದ್ದಾರೆ?”

ನಾನು ಅವರಿಗಾಗಿ ಹೋಗುತ್ತಿದ್ದೆ, ಅವರು ಮನೆಗೆ ಬಂದರು, ಹೋಗುವುದು ನಿಂತಿತು. ಅಷ್ಟೇ ಸರಳವಾಗಿ ನಿಂತಿತ್ತು.

“ಆಟೋ ಕರಿ” ಅಂದರು.

“ಅಮ್ಮಾ, ನೀವು ಎದ್ದು ಇನ್ನೂ ವಾರ ಆಗಿಲ್ಲ.”

“ಓಡೋಕೆ ಹೋಗ್ತಿದ್ದೀನೇನೇ? ಕೂರೋಕೆ. ಅದೊಂದನ್ನ ನಂಗಿಂತ ಚೆನ್ನಾಗಿ ಮಾಡೋರು ಊರಲ್ಲಿ ಯಾರಿದ್ದಾರೆ ಹೇಳು.”

ಆಟೋದವನು ಅವರು ಹತ್ತುತ್ತಲೇ ಗಾಡಿ ಒಂದು ಕಡೆ ವಾಲಿದ್ದನ್ನು ನೋಡಿ, “ಒಳ್ಳೆ ಭಾರ ಇದ್ದೀರಜ್ಜಿ, ದೃಷ್ಟಿ ತಾಗ್ದೇ ಇರ್ಲಿ” ಅಂದ. ಹೆನ್ರಿಯೆಟ್ಟಮ್ಮ ದಾರಿಯಲ್ಲಿ ಆಟೋ ನಿಲ್ಲಿಸಿ, ನನ್ನನ್ನು ಇಳಿಸಿ, ಒಂದು ಮಡಿಲು ಅವರೆಕಾಯಿ ಕೊಳ್ಳುವಂತೆ ಹೇಳಿದರು. ಕೈ ಖಾಲಿಯಿದ್ದರೆ ಹೊತ್ತು ಹೋಗುವುದಿಲ್ಲವಂತೆ.

ಮುಂಬಾಗಿಲ ಮೇಜಿನ ಹುಡುಗಿ ನಮ್ಮಿಬ್ಬರನ್ನೂ ನೋಡಿ ಎದ್ದು ನಿಂತಳು. ಆಮೇಲೆ ತನ್ನ ಕೆಲಸ ನೆನಪಾಗಿ ಕೂತು, ಕಂಪ್ಯೂಟರಿನ ಮೇಲೆ ಕೈಯಿಟ್ಟು ಕೇಳಿದಳು, “ಯಾವ ಪೇಶೆಂಟನ್ನ ನೋಡ್ಬೇಕು ಅಜ್ಜಿ? ಹೆಸರು ಹೇಳಿ.”

“ಹೆಸರು ನಂಗೊತ್ತಿಲ್ಲ ಮಗಾ” ಅಂದರು ಹೆನ್ರಿಯೆಟ್ಟಮ್ಮ, ಕೋಲನ್ನು ಮೇಜಿಗೆ ಒರಗಿಸುತ್ತಾ. “ನೋಡೋಕೆ ಯಾರೂ ಬರದೇ ಇರೋರು ಯಾರ್‍ಯಾರಿದ್ದಾರೆ, ನೀನೇ ಹೇಳು.”

ಆ ಹುಡುಗಿ ಬಹಳ ಹೊತ್ತು ಪರದೆಯನ್ನೇ ನೋಡಿದಳು. ಅವಳ ತುಟಿ ಒಂದೊಂದೇ ಹೆಸರನ್ನು ಓದುತ್ತಾ ಕೆಳಗಿಳಿಯುವುದು ನನಗೆ ಕಾಣುತ್ತಿತ್ತು. ಕೊನೆಗೆ ತಲೆಯೆತ್ತಿ, ನಮ್ಮ ಹಿಂದೆ ಬೆಂಚಿನಲ್ಲಿ ಸುಮ್ಮನೆ ಕೂತು ಫೋನು ನೋಡುತ್ತಿದ್ದ ಜನರ ಕಡೆ ಒಮ್ಮೆ ಕಣ್ಣಾಡಿಸಿ, ದನಿ ತಗ್ಗಿಸಿ ಹೇಳಿದಳು:

“ಅಜ್ಜಿ, ನೀವಿಬ್ರೇ ಸಾಕಾಗಲ್ಲ.”

“ಹಾಗಾದ್ರೆ ನಿನ್ನ ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತೆ?” ಅಂದರು ಹೆನ್ರಿಯೆಟ್ಟಮ್ಮ.